ಸಕ್ಕರೆ ನೋಡೋಳು

ಹದಿನೆಂಟು ವರ್ಷ ಕಾರ್ಖಾನೆಯ ಲ್ಯಾಬಿನಲ್ಲಿ
ಕಬ್ಬಿನ ಹಾಲಿಗೆ ಬ್ರಿಕ್ಸ್ ಹಿಡಿದವಳು ನಾನು.
ಅರೆಯುವ ತಿಂಗಳುಗಳಲ್ಲಿ
ಸೀರೆಗೆ, ಕೂದಲಿಗೆ, ಊಟದ ಡಬ್ಬಿಗೆ
ಎಲ್ಲಕ್ಕೂ ಕಾಕಂಬಿಯ ವಾಸನೆ.
ಗಾಡಿ ನಿಲ್ಲಿಸಿ, ಟವಲು ಕೊಡವಿ, ಕಿಟಕಿಗೆ ಬಗ್ಗಿ
ಒಬ್ಬರಾದ ಮೇಲೊಬ್ಬರು ಕೇಳುತ್ತಿದ್ದುದು ಒಂದೇ:
"ಎಷ್ಟು ಬಂತವ್ವ?"
ಹದಿನಾರು ಅಂದರೆ ಮುಖ ಸಣ್ಣಗಾಗುತ್ತಿತ್ತು.
ಇಪ್ಪತ್ತೊಂದು ಅಂದರೆ ಬೀಡಿ ಹೊತ್ತಿಕೊಳ್ಳುತ್ತಿತ್ತು.

ಅಂಥದೊಂದು ಮಧ್ಯಾಹ್ನ ಕೀಲಾರದ ಬೆಟ್ಟಸ್ವಾಮಿ
ಟಾನಿಕ್ ಬಾಟಲಿಯಲ್ಲಿ ತನ್ನ ಉಚ್ಚೆ ತಂದು
ಕಬ್ಬಿನ ಜಲ್ಲೆಯ ಪಕ್ಕ ಇಟ್ಟ.
"ಸಕ್ಕರೆ ನೋಡೋಳು ನೀನೇ ತಾನೆ?
ಇದ್ನೂ ವಸಿ ನೋಡವ್ವ."
ಲ್ಯಾಬಿಗೆ ಲ್ಯಾಬೇ ನಕ್ಕಿತು. ನಾನೂ ನಕ್ಕೆ.
ನಗುತ್ತಲೇ ದೊಡ್ಡಾಸ್ಪತ್ರೆಯ ದಾರಿ ತೋರಿಸಿದೆ.
ಮುಂದಿನ ಹಂಗಾಮಿಗೆ ಗಾಡಿ ಹೊಡೆದುಕೊಂಡು ಬಂದವನು
ಅವನ ತಮ್ಮ.
"ಅಣ್ಣನ ಕಾಲು ತೆಗೆದ್ರು ಕಣವ್ವ, ಮಂಡಿಗಂಟ."
ಆ ದಿನ ಅವರ ಕಬ್ಬು ಇಪ್ಪತ್ತೆರಡು ತೋರಿಸಿತು.
ತಮ್ಮ ಬೀಡಿ ಹಚ್ಚಲಿಲ್ಲ.

ನೀಟ್ ಬರೆದದ್ದು ಮೂರು ಸಲ.
ಮೊದಲ ಸಲ ಗೇಟಿನ ಪೇದೆ ನನ್ನ ಹಿಂದೆ ಹಣಕಿ ಕೇಳಿದ:
"ಮಗು ಎಲ್ಲಮ್ಮ?"
ಮದುವೆಯಿಂದ ಈಚೆಗೆ ಕಳಚದ ಮೂಗುಬೊಟ್ಟನ್ನು
ಸೋಪಿನ ನೀರು ಹಚ್ಚಿ ಬಿಚ್ಚಬೇಕಾಯಿತು.
ಗಂಡ ಅದನ್ನು ಬೀಗದ ಕೈಯ ಜೊತೆ ಕರ್ಚೀಫಿನಲ್ಲಿ ಗಂಟು ಹಾಕಿ
ಮೂರು ಗಂಟೆ ಇಪ್ಪತ್ತು ನಿಮಿಷ
ಬಿಸಿಲಲ್ಲೇ ನಿಂತಿದ್ದ.
ಹೇಗಾಯ್ತು ಅಂತ ಕೇಳಲಿಲ್ಲ. ಎಳನೀರು ಕೊಡಿಸಿದ.

ಕಾಲೇಜಿಗೆ ಸೇರುವ ದಿನ ಒಂದು ಮುಚ್ಚಳಿಕೆ:
ರ‍್ಯಾಗಿಂಗ್ ಮಾಡುವುದಿಲ್ಲವೆಂದು
ವಿದ್ಯಾರ್ಥಿಯದೂ ಪೋಷಕರದೂ ಸಹಿ.
ಅವ್ವ ಹೆಬ್ಬೆಟ್ಟಿಗೆ ಮಸಿ ಒತ್ತಿಸಿಕೊಳ್ಳುತ್ತ
ಗುಮಾಸ್ತನನ್ನು ಕೇಳಿದಳು:
"ಇವ್ಳು ಯಾರ್ಗಾರ ಹೊಡ್ದವ್ಳಾ ಸಾ?"

ನಾನು ಕೆಲಸಕ್ಕೆ ಸೇರಿದ ವರ್ಷ ಹುಟ್ಟಿದವಳು
ಗುತ್ತಲಿನ ರುಮಾನಾ, ಪಕ್ಕದ ಸ್ಟೂಲಿನಲ್ಲಿ.
ಆಂಟಿ ಅನ್ನಲಾ, ಅಕ್ಕ ಅನ್ನಲಾ ಅಂದಳು.
ರೋಲ್ ನಂಬರ್ ನೂರಹನ್ನೆರಡು ಅನ್ನು ಅಂದೆ.
ಅವಳು ಒಂದು ಸಲ ಓದಿದ್ದು ನನಗೆ ಐದು ಸಲ.
ರಾತ್ರಿ ಕಟ್ಟಿಟ್ಟ ನರಗಳ ಹೆಸರು
ಬೆಳಗ್ಗೆ ಮುದ್ದೆ ತಿರುವುವಷ್ಟರಲ್ಲಿ ಬಿಚ್ಚಿಹೋಗಿರುತ್ತವೆ.

ಶವದ ಮೇಜಿನ ಮೇಲೆ ಮಲಗಿದ್ದವರ
ಎಡ ತೋರುಬೆರಳಿಗೆ ಒಂದು ಹಳೆಯ ಕಚ್ಚು.
ಹುಡುಗರು ನರ ಹುಡುಕಿದರು, ಸಿಕ್ಕಿತು, ಖುಷಿಪಟ್ಟರು.
ನಾನು ಕಚ್ಚಿನ ಹತ್ತಿರವೇ ನಿಂತೆ.
ಕಬ್ಬು ಹಿಡಿದ ಕೈ ಅದು, ಮಚ್ಚು ಜಾರಿದ್ದು.
ಹೇಳಲಿಲ್ಲ.
ರೆಕಾರ್ಡ್ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಇವತ್ತು ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್.
ಅವರವರ ಮಾದರಿ ಅವರವರೇ.
ಬೆನೆಡಿಕ್ಟ್ ದ್ರಾವಣ ಐದು ಎಂ.ಎಲ್., ಎಂಟು ಹನಿ, ಕುದಿಸುವುದು.
ಕೊಳವೆ ಈ ಕೈಗೆ ಹೊಸದಲ್ಲ.
ಮೊದಲ ಸಲ ಸಾಲಿಗೆ ಸಾಲೇ ನನ್ನನ್ನು ನೋಡಿ ಕಲಿಯಿತು:
ಬಾಯಿ ಯಾರ ಕಡೆಗೂ ತಿರುಗಿಸಬೇಡಿ,
ಅಲುಗಿಸುತ್ತಿರಿ, ಅವಸರ ಬೇಡ.
ಎಲ್ಲರದೂ ನೀಲಿ, ನೀಲಿ, ನೀಲಿ.
ನನ್ನದು ಹಸಿರಾಯಿತು.
ಹಸಿರು ನೋಡನೋಡುತ್ತ ಹಳದಿಗೆ ತಿರುಗಿ
ಇನ್ನೂ ನಿಲ್ಲಲಿಲ್ಲ.
ರುಮಾನಾ ನೋಡಿದಳು. ನೋಡದವಳ ಹಾಗೆ
ನನ್ನ ಬರ್ನರಿನ ಉರಿ ತಗ್ಗಿಸಿದಳು.

ಹೆಸರು: ಪಂಕಜ ಟಿ.
ವಯಸ್ಸು: ನಲವತ್ತಮೂರು.
ಬಣ್ಣ ಅನ್ನುವ ಕಡೆ ಪೆನ್ನು ನಿಂತಿತು.
ಎಲ್ಲೋ ಟವಲು ಕೊಡವಿದ ಸದ್ದು.
ಎರಡು ಕಾಲಿನ ಮೇಲೆ ನಿಂತು, ಕಿಟಕಿಗೆ ಬಗ್ಗಿ,
ಟಾನಿಕ್ ಬಾಟಲಿ ಹಿಡಿದೇ ಕೇಳುತ್ತಾನೆ:
ಎಷ್ಟು ಬಂತವ್ವ?

ಬಂದದೆ ಕಣಣ್ಣ.
ನಂಗೂ ಬಂದದೆ.